ಗಲ್ಫಿನ ಕರೆ, ಹಳ್ಳಿಯ ತಂತಿ

0824 ಅಂದರೆ ಮಂಗಳೂರು. 0820 ಉಡುಪಿ. 08251 ಪುತ್ತೂರು, 08255 ಬಂಟ್ವಾಳ, 08256 ಬೆಳ್ತಂಗಡಿ, 08257 ಸುಳ್ಯ, 08258 ಕಾರ್ಕಳ. ಒಂದು ಕಾಲದಲ್ಲಿ ನಮ್ಮ ಕಡೆಯವರಿಗೆ ಇದು ಮಗ್ಗಿಯ ಹಾಗೆ ಬಾಯಿಪಾಠ. ನಿಮ್ಮೂರಿನ ಕೋಡ್ ನಿಮಗೆ ನೆನಪಿದೆಯಾ? ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿ. ನನಗಿಂತ ಐದಾರು ವರ್ಷ ಚಿಕ್ಕವರನ್ನು ಕೇಳಿದರೆ "ಪಿನ್ ಕೋಡಾ?" ಅಂತ ತಿರುಗಿ ಕೇಳ್ತಾರೆ :-)

ಈ ಕೋಡುಗಳು ಬರೀ ವಿಳಾಸ ಆಗಿರಲಿಲ್ಲ ಮಾರಾಯ್ರೇ, ಅವು ಬೆಲೆಪಟ್ಟಿಯೂ ಆಗಿದ್ದವು. ಎಸ್‌ಟಿಡಿ ಕರೆಗೆ ಎಷ್ಟು ದುಡ್ಡು ಅಂತ ನಿರ್ಧಾರ ಆಗುತ್ತಿದ್ದುದು ಎರಡು ಊರುಗಳ ನಡುವಿನ ದೂರದ ಮೇಲೆ. 50 ಕಿಲೋಮೀಟರ್ ತನಕ ಒಂದು ದರ, 200ರ ತನಕ ಇನ್ನೊಂದು, ಆಮೇಲೆ 500, 1000, ಅದಕ್ಕೂ ಮೇಲೆ. ಈ ದೂರ ಅಂದರೆ ಹಕ್ಕಿ ಹಾರುವ ದೂರ, ಶಿರಾಡಿ ಘಾಟಿಯ ತಿರುವುಗಳು ಲೆಕ್ಕಕ್ಕಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಮಾತಾಡಿದರೆ ಒಂದು ದರ, ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಅಣ್ಣನ ಜೊತೆ ಮಾತಾಡಿದರೆ ಅದಕ್ಕಿಂತ ಮೇಲಿನ ದರ, ದೆಹಲಿಗೆ ಇನ್ನೂ ಮೇಲಿನದು. ದೂರ ಹೆಚ್ಚಾದಷ್ಟೂ ಬೂತಿನ ಮೀಟರ್ ಬೇಗ ಬೇಗ ಓಡುತ್ತಿತ್ತು.

ದೂರದ ಜೊತೆ ಗಡಿಯೂ ಇತ್ತು. ತಲಪಾಡಿ ದಾಟಿದರೆ ಮಂಜೇಶ್ವರ. ಅದೇ ತುಳು, ಅದೇ ಕನ್ನಡ, ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವ ಜನ. ಆದರೆ ಟೆಲಿಕಾಂ ಇಲಾಖೆಯ ಲೆಕ್ಕದಲ್ಲಿ ಅದು ಬೇರೆಯೇ ಸರ್ಕಲ್, ಕೇರಳ ಸರ್ಕಲ್. ಮೊಬೈಲ್ ಬಂದ ಮೇಲಂತೂ ತಲಪಾಡಿ ಟೋಲ್‌ಗೇಟ್ ದಾಟಿದ ಕೂಡಲೇ "ರೋಮಿಂಗ್" ಶುರು. ಬಿಎಸ್ಎನ್ಎಲ್ 2015ರ ಜೂನ್‌ನಲ್ಲಿ ರೋಮಿಂಗಿನ ಒಳಬರುವ ಕರೆಗಳನ್ನು ಉಚಿತ ಮಾಡಿತು, 2017ರ ಹೊತ್ತಿಗೆ ಉಳಿದವರೂ ಅದೇ ದಾರಿ ಹಿಡಿದರು. ಅಲ್ಲಿಯವರೆಗೆ ಮಂಜೇಶ್ವರದ ಕನ್ನಡಿಗರಿಗೆ ಮಂಗಳೂರು ಒಂಥರಾ ಪರದೇಶವೇ ಆಗಿತ್ತು.

ನಾನು ಹೇಳಹೊರಟಿರುವುದು ಈ ದೂರದ ಬೆಲೆಯ ಕಥೆ. ದೂರಕ್ಕೆ ಬೆಲೆ ಇದ್ದದ್ದು ನಮಗೆ ಬಹಳ ತೊಂದರೆ ಕೊಟ್ಟಿದೆ, ನಿಜ. ಆದರೆ ನಮ್ಮ ಹಳ್ಳಿಗಳಿಗೆ ಟೆಲಿಫೋನ್ ತಂತಿ ಎಳೆದದ್ದೂ ಬಹುಪಾಲು ಅದೇ ದುಡ್ಡಿನಲ್ಲಿ. ಇಂಟರ್ನೆಟ್ ಬಂದು ದೂರದ ಬೆಲೆಯನ್ನು ಅಳಿಸಿತು. ಅದರ ಜೊತೆ ಇನ್ನೇನು ಅಳಿಸಿಹೋಯಿತು ಅಂತ ನಾವು ಅಷ್ಟಾಗಿ ಯೋಚಿಸಿಲ್ಲ ಅಂತ ನನ್ನ ಅನಿಸಿಕೆ.

*

ಮೊದಲಿನಿಂದ ಹೇಳ್ತೇನೆ. 1973ರ ನಂತರ ತೈಲದ ಬೆಲೆ ಏರಿ, ಗಲ್ಫ್ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರು ಅಂತ ಕೆಲಸಗಳು ಶುರುವಾದಾಗ ಕರಾವಳಿಯಿಂದ ಜನ ಹೊರಟರು. ಬ್ಯಾರಿಗಳು, ಕ್ರಿಶ್ಚಿಯನ್ನರು, ಬಂಟರು, ಬಿಲ್ಲವರು, ಎಲ್ಲರೂ. ಆಗ ಮುಂಬಯಿಗೆ ಬಸ್ಸು, ಅಲ್ಲಿಂದ ವಿಮಾನ. ಮಂಗಳೂರಿನಿಂದಲೇ ನೇರ ದುಬೈಗೆ ವಿಮಾನ ಸಿಕ್ಕಿದ್ದು 2006ರಲ್ಲಿ.

ಹೋದವರ ಸುದ್ದಿ ಬರುವುದು ಪತ್ರದಲ್ಲಿ. ಮಲಬಾರಿನಿಂದ ನಮ್ಮ ಕರಾವಳಿಯ ತನಕ ಇನ್ನೊಂದು ಪದ್ಧತಿಯೂ ಇತ್ತು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು. ಮನೆಮಂದಿಯೆಲ್ಲ ಟೇಪ್ ರೆಕಾರ್ಡರ್ ಸುತ್ತ ಕೂತು ಕೇಳುವುದು, ಆಮೇಲೆ ಉತ್ತರ ರೆಕಾರ್ಡ್ ಮಾಡಿ ವಾಪಸ್ ಕಳಿಸುವುದು. ವಾಟ್ಸಾಪಿನ ವಾಯ್ಸ್ ಮೆಸೇಜ್ ಅಂತ ನಾವು ಇವತ್ತು ಕರೆಯುವುದನ್ನು ನಮ್ಮ ಹಿರಿಯರು ತಿಂಗಳುಗಟ್ಟಲೆ ತಡವಾಗಿ ಮಾಡುತ್ತಿದ್ದರು ಅಷ್ಟೆ.

ಫೋನ್ ಇರಲಿಲ್ಲವಾ? ಇತ್ತು. ಪುಣೆಯ ಹತ್ತಿರ ಆರ್ವಿಯಲ್ಲಿ 1971ರಲ್ಲಿ ಉಪಗ್ರಹ ಭೂಕೇಂದ್ರ ಆರಂಭವಾಗಿತ್ತು. 1976ರಲ್ಲಿ ಮುಂಬಯಿ-ಲಂಡನ್ ನಡುವೆ ನೇರ ಡಯಲ್ ಮಾಡುವ ಐಎಸ್‌ಡಿ ಕೂಡ ಬಂದಿತ್ತು. ಆದರೆ ಅದೆಲ್ಲ ಮಹಾನಗರದ ಮಾತು. ನಮ್ಮಂಥ ಊರಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅದರಲ್ಲಿ ಮೂರು ವಿಧ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟ್‌ಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್‌ಗೆ ಎಂಟು ಪಟ್ಟು. ಆಪರೇಟರ್ ಒಂದೊಂದೇ ಊರಿನ ಎಕ್ಸ್‌ಚೇಂಜನ್ನು ಕರೆದು ಲೈನ್ ಜೋಡಿಸಿ ಕೊಡಬೇಕಿತ್ತು. ಅಷ್ಟು ದುಡ್ಡು ಕೊಟ್ಟು ಸಿಗುತ್ತಿದ್ದುದು ಏನು? ಊರಿಂದೂರಿಗೆ ನಿಮಗಾಗಿಯೇ ಮೀಸಲಿಟ್ಟ ಒಂದು ದಾರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳ್ಳಿಯ ಕಥೆ ಬದಲಾದದ್ದು ಎಂಬತ್ತರ ದಶಕದಲ್ಲಿ, ಮತ್ತು ಅದರ ಮೊದಲ ಪುಟ ಬರೆದದ್ದು ನಮ್ಮ ಕರ್ನಾಟಕವೇ. 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು, ಅದರ ಹಿಂದೆ ಇದ್ದವರು ಸ್ಯಾಮ್ ಪಿತ್ರೋಡಾ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೂತ ಎಳೆಯ ಎಂಜಿನಿಯರುಗಳು 128 ಲೈನಿನ ಒಂದು ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿದರು. ವಿದೇಶಿ ಎಕ್ಸ್‌ಚೇಂಜುಗಳಿಗೆ ಏರ್ ಕಂಡಿಶನ್ ಬೇಕಿತ್ತು, ಇದಕ್ಕೆ ಬೇಡ. ಧೂಳು, ಸೆಕೆ ಎಲ್ಲ ತಡೆದುಕೊಂಡು ಒಂದು ಸಾದಾ ಕೋಣೆಯಲ್ಲಿ ಕೂರುವಂಥದ್ದು. ಇಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು 1986ರ ಜುಲೈಯಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ! ಶಾಲೆಯ ಪುಸ್ತಕದಲ್ಲಿ ಕಿತ್ತೂರು ಅಂದರೆ 1824 ಅಂತ ಓದಿದ್ದೆವು. 1986 ಅಂತಲೂ ಒಂದು ಸಾಲು ಸೇರಿಸಬಹುದಿತ್ತು.

ಅದರ ನಂತರ ಹತ್ತು ಹದಿನೈದು ವರ್ಷಗಳಲ್ಲಿ ಅಂಥ ಪುಟ್ಟ ಎಕ್ಸ್‌ಚೇಂಜುಗಳು ದೇಶದ ಹಳ್ಳಿಹಳ್ಳಿಗೆ ಹೋದವು. ಘಟ್ಟದ ತಪ್ಪಲಿನ ನಮ್ಮ ಕಡೆಗೂ ಬಂದವು. ಪೇಟೆಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ-ಪಿಸಿಓ ಬೂತುಗಳು ಎದ್ದವು. ಗಾಜಿನ ಗೂಡು, ಕೆಂಪು ಅಂಕಿಗಳ ಮೀಟರ್, ಮಾತು ಮುಗಿದ ಮೇಲೆ ಕರ್ ಕರ್ ಅಂತ ಬರುವ ಸಣ್ಣ ಚೀಟಿ. ರಾತ್ರಿ 11ರ ನಂತರ ಕಾಲು ದರ ಅಂತ ಆ ಹೊತ್ತಿಗೆ ಬೂತಿನ ಮುಂದೆ ಸಾಲು. ಒಂದು ಹಂತದಲ್ಲಿ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಸಿಓಗಳು ಇದ್ದವು. ಅಂಗವಿಕಲರು, ವಿಧವೆಯರು, ಕೆಲಸ ಸಿಗದ ಯುವಕರು, ಎಷ್ಟೋ ಜನಕ್ಕೆ ಅದೇ ಹೊಟ್ಟೆಪಾಡು.

*

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಬೋರ್ ಅನಿಸಬಹುದು, ಆದರೆ ಇಡೀ ಕಥೆಯ ಕೀಲಿಕೈ ಇಲ್ಲಿದೆ.

ನನ್ನ ಅಜ್ಜಿಮನೆ ಬೆಳ್ತಂಗಡಿ ಕಡೆ. ರಸ್ತೆಯಿಂದ ಅರ್ಧ ಮೈಲಿ ಒಳಗೆ, ತೋಟದ ಮಧ್ಯೆ ಒಂಟಿ ಮನೆ. ನಮ್ಮ ಜಿಲ್ಲೆಯ ಹಳ್ಳಿಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇರುವುದಿಲ್ಲ ಅಂತ ನಿಮಗೆ ಗೊತ್ತಲ್ಲ. ಒಂದು ಗುಡ್ಡಕ್ಕೆ ಒಂದು ಮನೆ. ಹೀಗಿರುವಾಗ ಒಂದು ಮನೆಗೆ ಫೋನ್ ಕೊಡಬೇಕಾದರೆ ಸಾಲಾಗಿ ಕಂಬ ನೆಡಬೇಕು, ತಾಮ್ರದ ತಂತಿ ಎಳೆಯಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಮತ್ತೆ ಎಳೆಯಬೇಕು. ಇಷ್ಟಾಗಿ ಆ ಮನೆಯಿಂದ ಬರುವ ಬಾಡಿಗೆ ಎಷ್ಟು? ಜುಜುಬಿ. ಅಜ್ಜಿ ಫೋನ್ ಮಾಡುವುದೇ ಅಪರೂಪ, ಬರೀ ರಿಸೀವ್ ಮಾಡುವುದು. ಯಾವ ಖಾಸಗಿ ಕಂಪನಿಯೂ ಈ ವ್ಯಾಪಾರ ಮಾಡುವುದಿಲ್ಲ.

ಸರಕಾರ ಮಾಡಿತು. ಹೇಗೆ ಅಂದರೆ ದೂರದ ಕರೆಗಳ ಮೇಲೆ ಅಸಲಿಗಿಂತ ಎಷ್ಟೋ ಹೆಚ್ಚು ದರ ಹಾಕಿ, ಆ ಲಾಭದಲ್ಲಿ ಬಾಡಿಗೆಯನ್ನೂ ಲೋಕಲ್ ಕರೆಯನ್ನೂ ಅಗ್ಗವಾಗಿ ಇಟ್ಟಿತು. ಮುಂಬಯಿಗೆ, ದುಬೈಗೆ ಮಾತಾಡುವವನು ಕೊಡುವ ದುಡ್ಡು ತಿರುಗಿ ಬಂದು ಅಜ್ಜಿಮನೆಯ ಕಂಬವಾಗುತ್ತಿತ್ತು. 1999ರಲ್ಲಿ ಟ್ರಾಯ್ ಈ ದರಗಳನ್ನು ಸರಿದೂಗಿಸಲು ಹೊರಟು ಎಸ್‌ಟಿಡಿ, ಐಎಸ್‌ಡಿ ಇಳಿಸಿ ಬಾಡಿಗೆ ಏರಿಸಲು ಶುರುಮಾಡಿತು. ಆದರೂ ಕೊರತೆ ತುಂಬಲಿಲ್ಲ. ಅದಕ್ಕಾಗಿ 2003ರಲ್ಲಿ ಎಡಿಸಿ ಅಂತ ಒಂದು ಶುಲ್ಕ ಬಂತು. ಕನ್ನಡದಲ್ಲಿ ಹೇಳುವುದಾದರೆ ಸಂಪರ್ಕ ಕೊರತೆ ಶುಲ್ಕ. ನಷ್ಟದ ಲ್ಯಾಂಡ್‌ಲೈನ್ ನಡೆಸುವವರಿಗೆ, ಅಂದರೆ ಮುಖ್ಯವಾಗಿ ಬಿಎಸ್ಎನ್ಎಲ್‌ಗೆ, ಬೇರೆ ಕರೆಗಳಿಂದ ತೆಗೆದು ಕೊಡುವ ದುಡ್ಡು. 2004ರಲ್ಲಿ ವಿದೇಶದ ಕರೆಯ ಮೇಲೆ ಇದು ನಿಮಿಷಕ್ಕೆ 4 ರೂಪಾಯಿ 25 ಪೈಸೆ ಇತ್ತು.

ನಮ್ಮ ಮನೆಯಲ್ಲೇ ನೋಡಿ. ಮಾವ ಆಗ ಗಲ್ಫಿನಲ್ಲಿ. ಶುಕ್ರವಾರ ಅಲ್ಲಿ ರಜೆ, ಆದ್ದರಿಂದ ಶುಕ್ರವಾರ ಅವರ ಫೋನ್. ನಾನು ಆಗ ಒಂದನೇ ಎರಡನೇ ಕ್ಲಾಸು. ರಿಸೀವರ್ ಕಿವಿಗೆ ಹಿಡಿದರೆ ನನಗೆ ಸಿಗುತ್ತಿದ್ದುದು ಹತ್ತೇ ಸೆಕೆಂಡು. "ವಣಸ್ ಆಂಡಾ?" ಅಂತ ಮಾವ ಕೇಳುವುದು, "ಆಂಡ್ ಮಾವ" ಅಂತ ನಾನು ಹೇಳುವುದು, ಅಷ್ಟರಲ್ಲಿ ಅಮ್ಮ ಕಿತ್ತುಕೊಳ್ಳುವುದು. ಆ "ಊಟ ಆಯ್ತಾ"ಗೂ ಶುಲ್ಕ ಬೀಳುತ್ತಿತ್ತು. ಮರಳುಗಾಡಿನ ಸೆಕೆಯಲ್ಲಿ ದುಡಿದ ಮಾವನ ದುಡ್ಡಿನ ಒಂದು ಪಾಲು ಅವರಿಗೇ ತಿಳಿಯದ ಹಾಗೆ ಎಲ್ಲೋ ಒಂದು ಕುಗ್ರಾಮದ ಟೆಲಿಫೋನ್ ಕಂಬಕ್ಕೆ ಹೋಗುತ್ತಿತ್ತು. ಇದು ನ್ಯಾಯವಾ? ಒಂದು ರೀತಿಯಲ್ಲಿ ಅಲ್ಲ, ಊರು ಬಿಟ್ಟವನ ಹಂಬಲದ ಮೇಲೆ ಹಾಕಿದ ತೆರಿಗೆ ಅದು. ಇನ್ನೊಂದು ರೀತಿಯಲ್ಲಿ ನೋಡಿದರೆ ಅಜ್ಜಿಮನೆಗೆ ತಂತಿ ಬಾರದಿದ್ದರೆ ಮಾವ ಫೋನ್ ಮಾಡುವುದಾದರೂ ಯಾರಿಗೆ?

*

ಈ ಹೊತ್ತಿಗೆ ಇನ್ನೊಂದು ಕಡೆಯಿಂದ ಬೇರೆಯೇ ನೀರು ಬರುತ್ತಿತ್ತು.

1995ರ ಫೆಬ್ರವರಿಯಲ್ಲಿ ವೋಕಲ್‌ಟೆಕ್ ಅನ್ನುವ ಇಸ್ರೇಲಿನ ಕಂಪನಿ ಇಂಟರ್ನೆಟ್ ಮೂಲಕ ಮಾತಾಡುವ ಸಾಫ್ಟ್‌ವೇರ್ ಬಿಟ್ಟಿತು. ಅದೇ ವರ್ಷದ ಆಗಸ್ಟ್ 15ಕ್ಕೆ ನಮ್ಮ ವಿಎಸ್ಎನ್ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. 1997ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ, ಬ್ರಿಟನ್ನಿನಿಂದ ಜಪಾನಿನ ತನಕ ಸಮುದ್ರದಡಿ ಹಾಸಿದ ಫ್ಲ್ಯಾಗ್ ಕೇಬಲ್ ಚಾಲೂ ಆಯಿತು. ಅದು ಯುಎಇಯ ಫುಜೈರಾದಲ್ಲೂ ದಡಕ್ಕೆ ಹತ್ತುತ್ತದೆ, ಮುಂಬಯಿಯಲ್ಲೂ ಹತ್ತುತ್ತದೆ. ಗಲ್ಫಿಗೂ ನಮಗೂ ನಡುವೆ ಬೆಳಕಿನ ಎಳೆಯ ಒಂದು ದಾರಿ.

ಇಂಟರ್ನೆಟ್ಟಿನ ಕರೆ ಯಾಕೆ ಅಗ್ಗ? ಟ್ರಂಕ್ ಕಾಲಿನಲ್ಲಿ ನಿಮಗಾಗಿ ಮೀಸಲಾದ ದಾರಿ ಅಂದೆನಲ್ಲ, ಅದು ಹೀಗೆ. ಸ್ಟೇಟ್ ಬ್ಯಾಂಕಿನಿಂದ ಧರ್ಮಸ್ಥಳಕ್ಕೆ ನೀವೊಬ್ಬರೇ ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದ ಹಾಗೆ. ನೀವು ಮಾತಾಡಿದರೂ ಸುಮ್ಮನಿದ್ದರೂ ಬಸ್ಸು ನಿಮ್ಮದೇ, ಬೇರೆ ಯಾರೂ ಹತ್ತುವಂತಿಲ್ಲ. ಹಳೆಯ ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸೆಕೆಂಡಿಗೆ 64 ಕಿಲೋಬಿಟ್ ಕಾದಿರಿಸುತ್ತಾರೆ. ಇಬ್ಬರು ಮಾತಾಡುವಾಗ ಒಬ್ಬರು ಸುಮ್ಮನಿರುತ್ತಾರಲ್ಲ (ಇರಬೇಕು!), ಆಗ ಆ ದಾರಿ ಖಾಲಿ ಓಡುತ್ತಿರುತ್ತದೆ.

ಇಂಟರ್ನೆಟ್ಟಿನಲ್ಲಿ ಹಾಗಲ್ಲ. ನಿಮ್ಮ ಮಾತನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಅಂಟಿಸಿ ಬಿಡುತ್ತಾರೆ. ಅವು ನಮ್ಮ ಸರ್ವಿಸ್ ಬಸ್ಸಿನ ಪ್ರಯಾಣಿಕರ ಹಾಗೆ, ಸಿಕ್ಕಿದ ಬಸ್ಸು ಹತ್ತಿ ಇತರರ ಮಧ್ಯೆ ತೂರಿಕೊಂಡು ಹೋಗುತ್ತವೆ. ಪಕ್ಕದ ಸೀಟಿನಲ್ಲಿ ಯಾರದೋ ಈಮೇಲ್, ಹಿಂದಿನ ಸೀಟಿನಲ್ಲಿ ಯಾರದೋ ಸಿನಿಮಾ. ಮಾತನ್ನು ಹಿಂಡಿ 64 ಕಿಲೋಬಿಟ್ ಇದ್ದದ್ದನ್ನು 8ಕ್ಕೆ ಇಳಿಸಬಹುದು, ವಿಳಾಸದ ಭಾರ ಸೇರಿದರೂ ಲಾಭವೇ.

ನನ್ನ ಹೊಟ್ಟೆಪಾಡೂ ಇದೇ. ಇಂಟರ್ನೆಟ್ ಮೂಲಕ ಧ್ವನಿ ಸಾಗಿಸುವ ಸಾಫ್ಟ್‌ವೇರಿನ ಕೆಲಸ. ಸಿಪ್ ಅಂತ ಒಂದು ನಿಯಮಾವಳಿ ಇದೆ, 1999ರಲ್ಲಿ ಮೊದಲು ಪ್ರಕಟವಾದದ್ದು. ಒಂದು ಕರೆ ಶುರುವಾಗುವಾಗ ನಮ್ಮ ಸರ್ವರ್ "ಇನ್ವೈಟ್" ಅಂತ ಕಳಿಸುತ್ತದೆ, ಆ ಕಡೆಯಿಂದ "ರಿಂಗಿಂಗ್" ಅಂತ ಬರುತ್ತದೆ, ಎತ್ತಿದರೆ "ಓಕೆ", ಮುಗಿದಾಗ "ಬೈ". ಮನುಷ್ಯರ ಹಾಗೆಯೇ! ದಿನಾ ಈ ಲಾಗ್ ಓದುತ್ತೇನೆ. ಅದರಲ್ಲಿ ಯಾರಿಂದ, ಯಾರಿಗೆ, ಯಾವ ಕೋಡೆಕ್ ಎಲ್ಲ ಇರುತ್ತದೆ. ಎಷ್ಟು ಕಿಲೋಮೀಟರ್ ಅಂತ ಬರೆಯುವ ಜಾಗವೇ ಇಲ್ಲ. ಕೊಡಿಯಾಲ್‌ಬೈಲಿನಿಂದ ಕದ್ರಿಗೆ ಮಾಡಿದರೂ ಕುವೈತಿಗೆ ಮಾಡಿದರೂ ಅದೇ ಇನ್ವೈಟ್, ಅದೇ ಬೈ.

ಇಂಥದ್ದೊಂದು ಬಂದರೆ ದೂರದ ಕರೆಯ ಮೇಲೆ ಬದುಕುವ ವ್ಯವಸ್ಥೆ ಸುಮ್ಮನಿರುತ್ತದಾ? ಭಾರತದಲ್ಲಿ 2002ರ ಏಪ್ರಿಲ್ 1ರ ತನಕ ಇಂಟರ್ನೆಟ್ ಫೋನ್ ನಿಷಿದ್ಧ. ಅದರ ಹಿಂದಿನ ದಿನವೇ ಅಂತರರಾಷ್ಟ್ರೀಯ ಕರೆಗಳ ಮೇಲಿನ ವಿಎಸ್ಎನ್ಎಲ್ ಏಕಸ್ವಾಮ್ಯ ಮುಗಿದದ್ದು, ಕಾಕತಾಳೀಯ ಅಲ್ಲ. ಆಮೇಲೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತ್ರ ಅನುಮತಿ. ದೇಶದೊಳಗಿನ ಫೋನಿಗೆ ಜೋಡಿಸುವಂತಿಲ್ಲ.

ಬೇಲಿ ಹಾಕಿದರೆ ಅದನ್ನು ಹಾರುವವರೂ ಹುಟ್ಟುತ್ತಾರೆ. ಅಕ್ರಮ ಎಕ್ಸ್‌ಚೇಂಜ್ ಅಂತ ಪೇಪರಿನಲ್ಲಿ ಓದಿರುತ್ತೀರಿ. ಗಲ್ಫಿನ ಕರೆಯನ್ನು ಇಂಟರ್ನೆಟ್ಟಿನಲ್ಲಿ ಕದ್ದು ತಂದು, ಇಲ್ಲೊಂದು ಬಾಡಿಗೆ ಕೋಣೆಯಲ್ಲಿ ಯಂತ್ರಕ್ಕೆ ಹತ್ತಾರು ಸಿಮ್ ಹಾಕಿ, ಲೋಕಲ್ ಕರೆಯ ಹಾಗೆ ಬಿಡುವುದು. ಮಾತಾಡುವವನು ಇರುವುದು ಶಾರ್ಜಾದಲ್ಲಿ, ಆದರೆ ನಿಮ್ಮ ಕಾಲರ್ ಐಡಿಯಲ್ಲಿ ಬರುವುದು ಭಾರತದ್ದೇ ನಂಬರ್! ನಿಮಿಷಕ್ಕೆ 4 ಚಿಲ್ಲರೆ ರೂಪಾಯಿ ಶುಲ್ಕ ಉಳಿಯುತ್ತದಲ್ಲ, ಅದೇ ಆ ದಂಧೆಯ ಲಾಭ. ಟ್ರಾಯ್ ಎಡಿಸಿಯನ್ನು ವರ್ಷ ವರ್ಷ ಇಳಿಸುತ್ತಾ ಬಂದದ್ದಕ್ಕೆ ಈ ಕಳ್ಳದಾರಿಯೂ ಒಂದು ಕಾರಣ. 2008ರಲ್ಲಿ ಅದನ್ನು ಪೂರ್ತಿ ನಿಲ್ಲಿಸಲಾಯಿತು.

ಹಾಗೆ, ಗಲ್ಫಿನ ಕರೆಗೂ ಹಳ್ಳಿಯ ತಂತಿಗೂ ಇದ್ದ ನಂಟು ಕಡಿಯಿತು.

*

ಆಮೇಲಿನದ್ದು ನಿಮಗೆಲ್ಲ ಗೊತ್ತಿರುವ ಕಥೆ, ಬೇಗ ಹೇಳ್ತೇನೆ. 1995ರಲ್ಲಿ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿಯ ತನಕ ದರ, ಫೋನ್ ಎತ್ತಿದವನೂ ದುಡ್ಡು ಕೊಡಬೇಕು. ನಮ್ಮ ಕರ್ನಾಟಕಕ್ಕೆ ಮೊದಲು ಬಂದ ಖಾಸಗಿ ಕಂಪನಿಗಳು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಎರಡೂ ಹೆಸರು ಈಗ ಇಲ್ಲ. ಮೊದಲನೆಯದು ಏರ್‌ಟೆಲ್ ಆಯಿತು, ಎರಡನೆಯದು ಐಡಿಯಾ ಸೇರಿತು, ಆ ಐಡಿಯಾ 2018ರಲ್ಲಿ ವೊಡಾಫೋನ್ ಸೇರಿತು. 2002ರ ಅಕ್ಟೋಬರ್‌ನಲ್ಲಿ ಬಿಎಸ್ಎನ್ಎಲ್ ಸೆಲ್‌ಒನ್ ಬಂತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2006ರ ಮಾರ್ಚ್ 1ರಿಂದ ಬಿಎಸ್ಎನ್ಎಲ್‌ನ ಒನ್ ಇಂಡಿಯಾ ಯೋಜನೆಯಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ. ನನ್ನ ಲೆಕ್ಕದಲ್ಲಿ ದೇಶದೊಳಗೆ ದೂರ ಸತ್ತ ದಿನ ಅದು. ಎಸ್‌ಟಿಡಿ ಬೂತಿನ ಆಯಸ್ಸೂ ಅಲ್ಲಿಗೆ ಮುಗಿಯಿತು.

2005ರ ಜನವರಿಯಲ್ಲಿ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದದ್ದು ಹಳೆಯ ಬ್ಲಾಗಿಗರಿಗೆ ಮರೆಯಲು ಸಾಧ್ಯವೇ? ಸೆಕೆಂಡಿಗೆ 256 ಕಿಲೋಬಿಟ್. ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಲೆಕ್ಕವಿಲ್ಲದ ಡೌನ್‌ಲೋಡ್, ಅದಕ್ಕೆ ಅಲಾರಂ ಇಟ್ಟು ಏಳುವ ಅಣ್ಣಂದಿರು. ತಮಾಷೆ ನೋಡಿ, ಬ್ರಾಡ್‌ಬ್ಯಾಂಡ್ ಬಂದದ್ದು ಅದೇ ಫೋನಿನ ತಾಮ್ರದ ತಂತಿಯಲ್ಲಿ. ತನ್ನನ್ನು ಮುಗಿಸುವ ಅತಿಥಿಯನ್ನು ಆ ತಂತಿ ತಾನೇ ಮನೆಯೊಳಗೆ ಕರೆತಂದಿತು. 2003ರಲ್ಲಿ ಹುಟ್ಟಿದ್ದ ಸ್ಕೈಪ್ ಆ ತಂತಿಯ ಮೂಲಕವೇ ನಮ್ಮ ಮನೆಗಳಿಗೆ ಬಂತು. ಅದೂ 2025ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿತು, ಅದಿರಲಿ.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಅಗ್ಗದ ಡೇಟಾ ಬಗ್ಗೆ ಎಲ್ಲರೂ ಮಾತಾಡಿದರು. ಎಂಜಿನಿಯರ್ ಕಣ್ಣಿಗೆ ಕಂಡ ದೊಡ್ಡ ಸಂಗತಿ ಬೇರೆ. ಆ ನೆಟ್‌ವರ್ಕಿನಲ್ಲಿ ಮಾತಿಗೆ ಪ್ರತ್ಯೇಕ ದಾರಿಯೇ ಇಲ್ಲ! ಮಾಮೂಲಿ ಫೋನ್ ಕರೆಯೂ ಇಂಟರ್ನೆಟ್ಟಿನ ತುಂಡುಗಳಾಗಿಯೇ ಹೋಗುತ್ತದೆ, ಒಳಗಡೆ ಅದೇ ಸಿಪ್, ಅದೇ ಇನ್ವೈಟ್, ಅದೇ ಬೈ. ಅದಕ್ಕೇ ವೋಲ್ಟಿ ಅನ್ನುವುದು. ಅತ್ತ ಬಿಎಸ್ಎನ್ಎಲ್ ಕೂಡ ಹಳೆಯ ಎಕ್ಸ್‌ಚೇಂಜುಗಳನ್ನು ಐಪಿ ತಂತ್ರಜ್ಞಾನಕ್ಕೆ ಬದಲಿಸುತ್ತಾ ಬಂತು. ಮೊದಲು ಟೆಲಿಫೋನ್ ತಂತಿಯ ಮೇಲೆ ಇಂಟರ್ನೆಟ್ ಬಾಡಿಗೆಗೆ ಇತ್ತು. ಈಗ ಇಂಟರ್ನೆಟ್ಟಿನ ಮನೆಯಲ್ಲಿ ಟೆಲಿಫೋನ್ ಬಾಡಿಗೆಗೆ ಇದೆ.

ಮಾರುಕಟ್ಟೆಯೂ ತಲೆಕೆಳಗಾಯಿತು. ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಕಡೆ ಮೂರು ಖಾಸಗಿ, ಒಂದು ಸರಕಾರಿ ಉಳಿದವು. ಒಂದು ಕಾಲಕ್ಕೆ 4 ಕೋಟಿ ದಾಟಿದ್ದ ದೇಶದ ಸ್ಥಿರ ದೂರವಾಣಿಗಳು 2020ರ ಸುಮಾರಿಗೆ 2 ಕೋಟಿಯ ಆಸುಪಾಸಿಗೆ ಬಂದವು. 2020ರ ಜನವರಿ 31ರಂದು ಒಂದೇ ದಿನ ಬಿಎಸ್ಎನ್ಎಲ್‌ನ ಸುಮಾರು 78 ಸಾವಿರ ಮಂದಿ ಸ್ವಯಂ ನಿವೃತ್ತಿ ಪಡೆದು ಮನೆಗೆ ಹೋದರು. ಕಂಬ ಹತ್ತುವ ಲೈನ್‌ಮ್ಯಾನ್‌ಗಳೂ ಅದರಲ್ಲಿ ಇದ್ದರು. ಯಾವ ಗುಡ್ಡದ ಯಾವ ಕಂಬದಲ್ಲಿ ಯಾರ ಮನೆಯ ಜೋಡಿ ತಂತಿ ಇದೆ ಅನ್ನುವ ಜ್ಞಾನ ಅವರ ತಲೆಯಲ್ಲಿತ್ತು, ಅದು ಯಾವ ಡೇಟಾಬೇಸಿನಲ್ಲೂ ಇಲ್ಲ.

*

ಗಲ್ಫಿಗೆ ವಾಪಸ್ ಹೋಗೋಣ. ಈಗ ಕರೆ ಬಿಟ್ಟಿ ತಾನೇ? ಪೂರ್ತಿ ಅಲ್ಲ. ಸೌದಿ ಅರೇಬಿಯಾ ಇಂಟರ್ನೆಟ್ ಕರೆಯ ಆಪ್‌ಗಳ ಮೇಲಿನ ನಿರ್ಬಂಧ ತೆಗೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ಯುಎಇಯಲ್ಲಿ ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಬಹುದು, ಆದರೆ ಕರೆಗೆ ನಿರ್ಬಂಧ ಹಾಕಲಾಗಿದೆ. ಅಲ್ಲಿನ ಎರಡು ಕಂಪನಿಗಳ ಮೂಲಕ ಅನುಮತಿ ಪಡೆದ ಬೋಟಿಮ್‌ನಂಥ ಆಪ್ ಹಾಕಿಕೊಳ್ಳಬೇಕು. ನಮ್ಮೂರ ಅಜ್ಜಿಯಂದಿರ ಫೋನಿನಲ್ಲೂ ಬೋಟಿಮ್ ಇರುವುದು ಅದಕ್ಕೇ! ತಂತ್ರಜ್ಞಾನ ದೂರವನ್ನು ಅಳಿಸಿದರೂ ಟೋಲ್‌ಗೇಟ್ ಇಡುವ ಅಧಿಕಾರ ಇರುವವರು ಇಡುತ್ತಾರೆ. ನಾವು 2002ರ ತನಕ ಮಾಡಿದ್ದೂ ಅದನ್ನೇ. ಆದರೆ ನಮ್ಮಲ್ಲಿ ಆ ಟೋಲಿನ ದುಡ್ಡಿನ ಒಂದು ಭಾಗ ಹಳ್ಳಿಗೆ ಹೋಗುತ್ತಿತ್ತು.

ಇನ್ನು ಹಳ್ಳಿಗೆ. 2021ರ ಜೂನ್‌ನಲ್ಲಿ ಒಂದು ಫೋಟೊ ದೇಶವೆಲ್ಲ ಓಡಾಡಿದ್ದು ನಿಮಗೆ ನೆನಪಿರಬಹುದು. ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಮನೆಯಲ್ಲಿ ಸಿಗ್ನಲ್ ಇಲ್ಲ, ರಸ್ತೆಗೆ ಬಂದರೆ ಮಾತ್ರ ಸಿಗುತ್ತದೆ. ಲಾಕ್‌ಡೌನಿನ ಆ ಎರಡು ವರ್ಷ ನಮ್ಮ ಘಟ್ಟದ ತಪ್ಪಲಿನಲ್ಲಿ ಗುಡ್ಡದ ತುದಿಗೆ ಟಾರ್ಪಾಲ್ ಕಟ್ಟಿ ಓದಿದ ಮಕ್ಕಳು ಎಷ್ಟೋ. ಹತ್ತಿಪ್ಪತ್ತು ವರ್ಷಗಳ ಹಿಂದೆ ಲ್ಯಾಂಡ್‌ಲೈನ್ ಇದ್ದ ಹಳ್ಳಿಯೂ ಹೀಗಾಯಿತಲ್ಲ ಅನ್ನುವುದೇ ನನಗೆ ಕಾಡುವುದು. ದುಬೈಗೆ ವಿಡಿಯೋ ಕಾಲ್ ಬಿಟ್ಟಿಯಾದ ಕಾಲದಲ್ಲಿ ಮನೆಯಿಂದ ರಸ್ತೆಯ ತನಕದ ಅರ್ಧ ಮೈಲಿ ದೂರ ಮಾತ್ರ ಹಾಗೇ ಉಳಿದುಬಿಟ್ಟಿತು.

ಸರಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಹಳೆಯ ಲೆಕ್ಕದ ಬದಲಿಗೆ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿ ಬಂತು, ಟೆಲಿಕಾಂ ಕಂಪನಿಗಳ ಆದಾಯದ ಶೇ. 5 ಅದಕ್ಕೆ ಹೋಗುತ್ತದೆ. 2023ರ ಹೊಸ ಟೆಲಿಕಾಂ ಕಾಯ್ದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ ನಿಧಿ. ಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜುಲೈಯಲ್ಲಿ, ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್ಎನ್ಎಲ್ ಮೂಲಕ 4ಜಿ ಕೊಡಲು 26,316 ಕೋಟಿ ರೂಪಾಯಿ ಮಂಜೂರಾಯಿತು. ಅಷ್ಟು ಹಳ್ಳಿಗಳು ಆಗಲೂ ಬಾಕಿ ಇದ್ದವು ಅಂತಲೂ ಆ ಅಂಕಿ ಹೇಳುತ್ತದೆ, ಅಲ್ವಾ?

ಆದರೆ ಒಂದು ವ್ಯತ್ಯಾಸ ಇದೆ. ನಿಧಿಗೆ ದುಡ್ಡು ಕೊಡುವುದು ತಂತಿ, ಟವರ್ ಇರುವ ಕಂಪನಿಗಳು. ಆ ತಂತಿಯ ಮೇಲೆ ಕರೆ, ಸಿನಿಮಾ, ಜಾಹೀರಾತು ಓಡಿಸಿ ದುಡಿಯುವ ಆಪ್‌ಗಳು ಕೊಡುವುದಿಲ್ಲ. ಟೆಲಿಕಾಂ ಕಂಪನಿಗಳು ಅವರೂ ಕೊಡಲಿ ಅಂತ ಕೇಳುತ್ತಿವೆ. ಕೊಟ್ಟರೆ ಇಂಟರ್ನೆಟ್ಟಿನ ಸಮಾನತೆ ಕೆಡುತ್ತದೆ ಅಂತ ಇನ್ನೊಂದು ವಾದ. ಎರಡರಲ್ಲೂ ಹುರುಳಿದೆ. ಕಂಪನಿಗಳು ತಮ್ಮ ತಮ್ಮೊಳಗೆ ಕೊಟ್ಟುಕೊಳ್ಳುವ ಹಂಚಿಕೆ ಅದಾದರೆ ನನಗೆ ಆಸಕ್ತಿಯಿಲ್ಲ. ಆದರೆ ಆ ದುಡ್ಡಿನಲ್ಲಿ ಬಳ್ಳಕದಂಥ ಊರಿಗೆ ಫೈಬರ್ ಹೋಗುತ್ತದೆ ಅಂತ ಕಾನೂನಿನಲ್ಲೇ ಬರೆದಿದ್ದರೆ ನನ್ನ ಮತ ಕೊಡುವ ಕಡೆಗೆ. ಎಡಿಸಿ ಶುಲ್ಕದ ದೋಷ ಅದು ಬಡ ದುಡಿಮೆಗಾರನ ಮಾತಿನ ಮೇಲೆ ಬಿದ್ದದ್ದು. ಅದರ ಉದ್ದೇಶ ತಪ್ಪಾಗಿರಲಿಲ್ಲ.

ಸ್ವಲ್ಪ ಸಮಾಧಾನದ ಸುದ್ದಿಯೂ ಇದೆ. ಕೆಳಗೆ ಬಿದ್ದಿದ್ದ ಸ್ಥಿರ ಸಂಪರ್ಕಗಳ ಸಂಖ್ಯೆ ಮತ್ತೆ ಏರಿ 3 ಕೋಟಿ ದಾಟಿತು, ಈ ಸಲ ಫೈಬರಿನ ಕೃಪೆಯಿಂದ. ನಮ್ಮ ಹಳ್ಳಿಗಳಲ್ಲಿ ಅದನ್ನು ಎಳೆಯುತ್ತಿರುವವರು ಹೆಚ್ಚಾಗಿ ಹಳೆಯ ಕೇಬಲ್ ಟಿವಿಯವರು, ಬಿಎಸ್ಎನ್ಎಲ್ ಜೊತೆ ಆದಾಯ ಹಂಚಿಕೊಂಡು. ತೆಂಗಿನ ಮರದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಮಾಡಿಗೆ. ಸಿಡಿಲು ಬಂದರೆ ತಾಮ್ರದ ತಂತಿಯ ಹಾಗೆ ಫೈಬರ್ ಕರೆಂಟ್ ಹೊತ್ತು ತರುವುದಿಲ್ಲ. 2019-20ರಲ್ಲಿ ವೈಫೈ ಕಾಲಿಂಗ್ ಬಂದ ಮೇಲೆ, ಟವರ್ ಸಿಗದ ಮನೆಯಲ್ಲೂ ಫೈಬರ್ ಇದ್ದರೆ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ಅಜ್ಜಿಮನೆಯ ಲ್ಯಾಂಡ್‌ಲೈನನ್ನು ನಾವೇ ಸರೆಂಡರ್ ಮಾಡಿದೆವು, ಈಗ ಅಲ್ಲಿ ನಡೆಯುತ್ತಿರುವುದು ಇದೇ.

ಒಂದೇ ಕೊರತೆ. ಹಳೆಯ ಫೋನಿಗೆ ಕರೆಂಟ್ ಬರುತ್ತಿದ್ದುದು ಎಕ್ಸ್‌ಚೇಂಜಿನಿಂದ, ತಂತಿಯಲ್ಲೇ 48 ವೋಲ್ಟ್. ಆಷಾಢದ ಮಳೆಗೆ ಮೂರು ದಿನ ಕರೆಂಟ್ ಹೋದರೂ ಎಕ್ಸ್‌ಚೇಂಜಿನ ಬ್ಯಾಟರಿ, ಜನರೇಟರ್ ಇದ್ದಷ್ಟು ಹೊತ್ತು ಫೋನ್ ಜೀವಂತ. ಫೈಬರಿನ ಮೋಡೆಮ್ ಹಾಗಲ್ಲ, ಮನೆಯ ಕರೆಂಟ್ ಹೋದರೆ ಅದೂ ಹೋಯಿತು, ಇನ್ವರ್ಟರ್ ಇದ್ದವರು ಬಚಾವ್. ಗುಡ್ಡ ಕುಸಿದ ರಾತ್ರಿ, ಯಾರಿಗೋ ಹೆರಿಗೆ ನೋವು ಬಂದ ರಾತ್ರಿ ಈ ವ್ಯತ್ಯಾಸ ಸಣ್ಣದಲ್ಲ. ಹೊಸ ನೆಟ್‌ವರ್ಕ್ ಕಟ್ಟುವವರು, ನನ್ನಂಥ ಎಂಜಿನಿಯರುಗಳೂ ಸೇರಿ, ಹಳೆಯದರಿಂದ ಕಲಿಯಬೇಕಾದ ಪಾಠ ಇದು. ಪ್ರತಿ ಮನೆಯ ಮೋಡೆಮ್ಮಿಗೆ ಒಂದು ಪುಟ್ಟ ಬ್ಯಾಟರಿ ಕಡ್ಡಾಯ ಮಾಡುವುದು ಅಂಥ ದೊಡ್ಡ ಖರ್ಚಿನ ಮಾತೇನಲ್ಲ.

ಎಷ್ಟೋ ಹಳ್ಳಿಗಳಲ್ಲಿ ಆ ಪುಟ್ಟ ಎಕ್ಸ್‌ಚೇಂಜ್ ಕಟ್ಟಡಗಳು ಈಗಲೂ ನಿಂತಿವೆ. ಕೆಲವು ಕಡೆ ಬೀಗ, ಕೆಲವು ಕಡೆ ಅದರೊಳಗೇ ಫೈಬರಿನ ಪೆಟ್ಟಿಗೆ ಮಿಣಮಿಣ ಅನ್ನುತ್ತಿದೆ. ನಿಮ್ಮೂರಿನದ್ದು ಏನಾಗಿದೆ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಆ ಕಡೆ ಹೋಗಿ ನೋಡಿ ಬನ್ನಿ. ಅದರಲ್ಲಿ ಕೆಲಸ ಮಾಡಿದ ಲೈನ್‌ಮ್ಯಾನ್ ಊರಲ್ಲೇ ಇದ್ದರೆ ಮಾತಾಡಿಸಿ. ಮತ್ತೆ ನಿಮ್ಮೂರಿನ ಎಸ್‌ಟಿಡಿ ಕೋಡ್ ಯಾವುದು ಅಂತ ಹೇಳಲು ಮರೆಯಬೇಡಿ..